ಅತ್ತೆ ಕ್ಯಾಂಪಿಗೆ ಬಂದದ್ದು

ನಮ್ಮ ಸೋದರತ್ತೆಯ ಸಿಟ್ಟಿಗೆ ಕಾರಣ ಬೇಕಿರಲಿಲ್ಲ, ವಿಳಾಸವೊಂದಿದ್ದರೆ ಸಾಕಿತ್ತು. ಹಾನುಬಾಳಿನಲ್ಲಿ ಅವಳು ಬೆಳಗ್ಗೆ ಬಾಗಿಲು ತೆಗೆದಳೆಂದರೆ, ಇವತ್ತು ಯಾರ ಸರದಿಯೋ ಎಂದು ಬೀದಿಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಹಾಲಿಗೆ ನೀರು ಬೆರೆಸಿದವನನ್ನು ಬೈಯುವುದು ಯಾರಿಗೆ ತಾನೇ ಬರುವುದಿಲ್ಲ? ಅತ್ತೆ ನೀರು ಬೆರೆಸದೆ ತಂದವನನ್ನೂ ಬಿಡಲಿಲ್ಲ.

"ಇಷ್ಟು ದಿನ ಹಿಂಗೇ ಕೊಡೋಕೆ ಏನಾಗಿತ್ತು ನಿಂಗೆ?" ಎಂದು ಕೇಳಿದಳು. ಅವನು ಮರುದಿನದಿಂದ ಮತ್ತೆ ನೀರು ಬೆರೆಸತೊಡಗಿದ. ಅದೇ ಸುರಕ್ಷಿತ ಎಂದು ಅವನಿಗೆ ಅನ್ನಿಸಿರಬೇಕು.

ನಮ್ಮ ಚಿಕ್ಕಪ್ಪನ ಮದುವೆಯಲ್ಲಿ ಫೋಟೋ ತೆಗೆಯಲು ಬಂದವನು ಕಪ್ಪು ಬಟ್ಟೆಯೊಳಗಿಂದ ತಲೆ ಹೊರಗೆ ಹಾಕಿ, "ಸ್ವಲ್ಪ ನಗಿ ತಾಯಿ" ಎಂದುಬಿಟ್ಟ. ಅತ್ತೆ, "ನಗು ಬಂದ್ರೆ ನಾನೇ ನಗ್ತೀನಿ, ಹೇಳೋಕೆ ನೀನ್ಯಾರು?" ಎಂದಳು. ಆ ಹೊತ್ತಿಗೆ ಸರಿಯಾಗಿ ಫೋಟೋ ಬಿತ್ತು. ಇವತ್ತಿಗೂ ಅದನ್ನು ನೋಡಿದರೆ, ಮದುಮಗ ಮದುಮಗಳೂ ಸೇರಿದಂತೆ ಇಡೀ ಕುಟುಂಬ ಕ್ಯಾಮೆರಾ ಬಿಟ್ಟು ಅತ್ತೆಯನ್ನೇ ಗಾಬರಿಯಿಂದ ನೋಡುತ್ತಿದೆ.

ಮಾವ ಅಲ್ಲೇ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ದಿನವಿಡೀ ಆಳುಗಳ ಹೆಸರು ಕೂಗಿ, ಲೆಕ್ಕ ಬರೆದು ದಣಿದು ಬರುವ ಅವರು ಮನೆಯಲ್ಲಿ ಬಾಯಿ ತೆರೆಯುತ್ತಿದ್ದದ್ದು ಊಟಕ್ಕೆ ಮಾತ್ರ. ಮಕ್ಕಳಿರಲಿಲ್ಲ. ಹಾಗಾಗಿ ಬೇಸಿಗೆ ರಜೆ ಬಂತೆಂದರೆ ಅತ್ತೆ ಸಕಲೇಶಪುರದಿಂದ ನನ್ನನ್ನು ಕರೆಸಿಕೊಳ್ಳುತ್ತಿದ್ದಳು. ಅತ್ತೆಗೆ ನನ್ನ ಮೇಲೆ ಪ್ರೀತಿ ಎಂದು ಅಮ್ಮ ಹೇಳುತ್ತಿದ್ದಳು. ಬೈಯಲು ಮನೆಯಲ್ಲಿ ಆಳಿಲ್ಲ, ಅದಕ್ಕೆ ಎಂಬುದು ನನ್ನ ಅಭಿಪ್ರಾಯವಾಗಿತ್ತು.

ನಾನು ಹೈಸ್ಕೂಲು ಸೇರಿದ ವರ್ಷದ ಬೇಸಿಗೆಯಲ್ಲಿ ಹಾಸನಕ್ಕೆ ಎಕ್ಸಿಬಿಷನ್ ಬಂತು. ಅತ್ತೆಯೇ ನನ್ನನ್ನು ಕರೆದುಕೊಂಡು ಹೋದಳು. ಅಲ್ಲಿದ್ದ ಜೈಂಟ್ ವೀಲ್ ಕಂಡು ನಾನು ಬಾಯಿ ಬಿಟ್ಟು ನಿಂತೆ. ಅತ್ತೆ, "ನಡಿ, ಕೂತೇ ನೋಡಣ" ಎಂದಳು. ತೊಟ್ಟಿಲು ನೆತ್ತಿಗೆ ಹೋದದ್ದೇ ತಡ, ಕೆಳಗೆ ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಬೇರೆ ಹೆಂಗಸರಾಗಿದ್ದರೆ ದೇವರನ್ನು ನೆನೆಯುತ್ತಿದ್ದರು. ಅತ್ತೆ ಕಂಬಿ ಹಿಡಿದು ಬಗ್ಗಿ ಎಂಜಿನ್ ನೋಡಿಕೊಳ್ಳುವವನನ್ನು ನೆನೆದಳು. ಅವನ ಎಂಜಿನ್, ಅವನ ಎಣ್ಣೆ, ಅವನು ಕಲಿತ ವಿದ್ಯೆ ಒಂದೊಂದನ್ನೂ ವಿಚಾರಿಸಿದಳು. ಸರ್ಕಸ್ ಡೇರೆಯ ಮುಂದೆ ನಿಂತಿದ್ದ ಜನವೂ ಇತ್ತ ಬಂದು ಕತ್ತೆತ್ತಿ ಕೇಳತೊಡಗಿದರು. ಅಷ್ಟರಲ್ಲಿ ಎಂಜಿನ್ ಹೊತ್ತಿಕೊಂಡು ಚಕ್ರ ತಿರುಗಿತು. ಅತ್ತೆ ಮಾತು ನಿಲ್ಲಿಸಬೇಕಲ್ಲ? ಅವಳ ಬೈಗುಳ ಆ ಬಡಪಾಯಿಯ ಕಿವಿಯ ಹತ್ತಿರಕ್ಕೆ ಬರುವುದು, ದೂರ ಹೋಗುವುದು, ಸುತ್ತು ಹಾಕಿ ಮತ್ತೆ ಹತ್ತಿರ ಬರುವುದು. ಅವನು ಕೊನೆಗೆ ಕೈಮುಗಿದು, "ಇಳ್ದುಬುಡಿ ತಾಯಿ" ಎಂದು ಚಕ್ರ ನಿಲ್ಲಿಸಿದಾಗ ಅತ್ತೆಗೆ ಅದಕ್ಕೂ ಸಿಟ್ಟು. ಇನ್ನೂ ಮಾತು ಮುಗಿದಿಲ್ಲ, ಆಗಲೇ ಇಳಿಸುತ್ತಾನಲ್ಲ ಎಂದು.

ಇಂಥ ಅತ್ತೆ ಮರುವರ್ಷ ನಮ್ಮ ಹೈಸ್ಕೂಲಿಗೇ ಬಂದಳು.

ಆ ಬೇಸಿಗೆಯಲ್ಲಿ ನಮ್ಮ ಶಾಲೆಯವರು ಹೊಂಗಡಹಳ್ಳದ ಕಡೆ ಶ್ರಮದಾನದ ಕ್ಯಾಂಪ್ ಇಟ್ಟುಕೊಂಡಿದ್ದರು. ಅಲ್ಲೊಂದು ಎಸ್ಟೇಟ್ ಲೈನಿನ, ಅಂದರೆ ಕೂಲಿಯವರ ಸಾಲುಮನೆಗಳ ಮಕ್ಕಳು ಮಳೆಗಾಲದಲ್ಲಿ ಹಳ್ಳ ದಾಟಲಾಗದೆ ಊರಿನ ಶಾಲೆ ಬಿಡುತ್ತಿದ್ದವು. ಅವಕ್ಕೆ ಗುಡ್ಡದ ಪಕ್ಕದಲ್ಲಿ ಬಳಸಿಕೊಂಡು ಹೋಗುವ ದಾರಿ ಕಡಿದುಕೊಡಬೇಕು. ಹುಡುಗರಿಗೆ ಮಾತ್ರ ಅಂದರು. ಹುಡುಗಿಯಾದ ನನಗೆ ಪರಮ ಸಂತೋಷವಾಯಿತು. ರಜೆಯಲ್ಲಿ ಹಲಸಿನ ಹಣ್ಣು ತಿಂದು ಜಗಲಿಯಲ್ಲಿ ಬಿದ್ದುಕೊಂಡಿರಬೇಕೆಂದು ನಾನು ಮೊದಲೇ ನಿಶ್ಚಯ ಮಾಡಿದ್ದೆ. ನನ್ನ ತಪ್ಪೇನೂ ಇಲ್ಲ, ನನ್ನನ್ನು ಕರೆದೊಯ್ಯಲು ನಮ್ಮ ಮನೆಗೆ ಬಂದಿದ್ದ ಅತ್ತೆಯ ಮುಂದೆ ಊಟದ ಹೊತ್ತಿಗೆ ಈ ಸುದ್ದಿಯನ್ನು ಹೇಳಿದವರು ಅಪ್ಪ.

ಅತ್ತೆ ಅನ್ನ ಕಲಸುವುದನ್ನು ನಿಲ್ಲಿಸಿದಳು. "ಹೆಣ್ಮಕ್ಕಳು ಯಾಕಿಲ್ಲ?" ಎಂದಳು. ಅಪ್ಪ ತಮಗೆ ಗೊತ್ತಿಲ್ಲವೆಂದರು. "ಗೊತ್ತಿರೋರ್ನ ಕೇಳ್ತೀನಿ ಬಿಡು" ಎಂದು ಕೈತೊಳೆದಳು.

ಮರುದಿನ ಅವಳು ಹೆಡ್‌ಮಾಸ್ಟರರ ಕೋಣೆಗೆ ನುಗ್ಗುವಾಗ ನಾನು ಕಂಬದ ಹಿಂದೆ ನಿಂತು, ಭೂಮಿ ಬಾಯಿ ಬಿಡಬಾರದೇ ಎಂದುಕೊಳ್ಳುತ್ತಿದ್ದೆ.

"ಕಾಡುಪ್ರದೇಶ ಕಣಮ್ಮ, ಹುಡುಗಿಯರಿಗೆ ಯಾಕೆ ತೊಂದರೆ?" ಎಂದರು ಹೆಡ್‌ಮಾಸ್ಟರ್, ಸಮಾಧಾನದ ದನಿಯಲ್ಲಿ.

"ಆ ಕಾಡಲ್ಲಿ ಕಾಫಿ ಕುಯ್ಯೋರು ಯಾರು ಸ್ವಾಮಿ? ಕೋಟು ಹಾಕ್ಕಂಡಿರೋರಾ?"

"ಹಾಗಲ್ಲ. ಹುಡುಗಿಯರನ್ನ ಕಳಿಸಬೇಕು ಅಂದರೆ ಜೊತೆಗೆ ಹೆಂಗಸರು ಇರಬೇಕು. ನಮ್ಮಲ್ಲಿ ಲೇಡಿ ಟೀಚರ್ ಇಲ್ಲವಲ್ಲ."

"ಮತ್ತೆ ನಿಮ್ಮ ಮುಂದೆ ನಿಂತಿರೋದು ಏನು? ಕಂಬವಾ?"

ಹೆಡ್‌ಮಾಸ್ಟರ್ ಒಪ್ಪಿದರು. ಒಪ್ಪದೆ ಏನು ಮಾಡಿಯಾರು? ಆದರೆ ಇಷ್ಟರ ಮಧ್ಯೆ ನಿನಗೆ ಹೋಗಲು ಇಷ್ಟವಿದೆಯೇ ಎಂದು ನನ್ನನ್ನು ಯಾರಾದರೂ ಒಂದು ಮಾತು ಕೇಳಿದರೇ? ನನ್ನ ಹಕ್ಕಿಗಾಗಿ ಹೋರಾಡಿ ನನ್ನ ರಜೆಯನ್ನೇ ಕಿತ್ತುಕೊಂಡ ಆ ಅನ್ಯಾಯವನ್ನು ನಾನು ಯಾರ ಬಳಿ ಹೇಳಿಕೊಳ್ಳಲಿ? ಅತ್ತೆಯ ಮೇಲೆ ನನಗೆ ಕೆಂಡದಂಥ ಕೋಪ ಬಂತು.

ಒಬ್ಬಳೇ ಹುಡುಗಿ ಹೋಗುವುದು ಚೆನ್ನಾಗಿರುವುದಿಲ್ಲವೆಂದು ಅತ್ತೆ ಸಕಲೇಶಪುರದ ಬೀದಿಗಳಲ್ಲಿ ಹುಡುಗಿಯರನ್ನು ಕಲೆಹಾಕಲು ಹೊರಟಳು. ನನ್ನ ತರಗತಿಯ ಜುಬೇದಾಳ ತಂದೆ ಪೇಟೆಯಲ್ಲಿ ಕಾಫಿ ವ್ಯಾಪಾರಿ. ಜುಬೇದಾ ಎಷ್ಟು ಮೆಲ್ಲಗೆ ಮಾತಾಡುತ್ತಿದ್ದಳೆಂದರೆ, ಹಾಜರಿ ಕರೆಯುವಾಗ ಅವಳ ಪರವಾಗಿ ನಾವೇ ಕೂಗಬೇಕಿತ್ತು. ಅವಳ ತಂದೆ ಅತ್ತೆಯ ಮಾತನ್ನೆಲ್ಲ ಕೇಳಿ, ಗಡ್ಡ ನೀವಿಕೊಂಡು, "ನೀವು ಇರ್ತೀರಾ ಅಂದ್ಮೇಲೆ ನಂಗೆ ಹೆದರಿಕೆ ಇಲ್ಲ ಅಕ್ಕಾ. ಆ ಕಾಡಿನ ಪ್ರಾಣಿಗಳದ್ದೇ ಒಂಚೂರು ಯೋಚ್ನೆ" ಎಂದರು. ಇದು ಹೊಗಳಿಕೆಯೋ ಅಲ್ಲವೋ ಎಂದು ಅತ್ತೆ ದಾರಿಯುದ್ದಕ್ಕೂ ಯೋಚಿಸಿದಳು. ಇನ್ನೂ ಇಬ್ಬರು ಹುಡುಗಿಯರು ಸಿಕ್ಕಿದರು.

ಕ್ಯಾಂಪಿನಲ್ಲಿ ಹುಡುಗರಿಗೆ ಬಯಲಿನಲ್ಲಿ ಡೇರೆ, ನಮಗೆ ಊರಿನ ಶಾಲೆಯ ಕೋಣೆ. ಎಲ್ಲದರ ಯಜಮಾನಿಕೆ ನಮ್ಮ ಡ್ರಿಲ್ ಮಾಸ್ತರರದ್ದು. ಅವರು ಕಣ್ಣು ಬಿಟ್ಟ ತಕ್ಷಣ ಸೀಟಿ ಊದುತ್ತಿದ್ದರು. ಮೊದಲ ಸೀಟಿಗೇ ಅತ್ತೆ ಹೊರಗೆ ಬಂದಳು. "ನಾಯಿ ಕರ್ದಂಗೆ ಕರೀಬ್ಯಾಡಿ. ಹೆತ್ತೋರು ಹೆಸರಿಟ್ಟಿರೋದು ಯಾಕೆ?" ಮಾಸ್ತರರು ಸೀಟಿಯನ್ನು ಜೇಬಿಗೆ ಹಾಕಿಕೊಂಡರು. ಪಾಪ, ಅಲ್ಲಿಯವರೆಗೆ ಅವರಿಗೆ ನಮ್ಮ ಯಾರ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ. ಹೆಸರು ಕಲಿಯುವುದರಲ್ಲೇ ಅವರ ಅರ್ಧ ಕ್ಯಾಂಪು ಕಳೆಯಿತು.

ಕೆಲಸ ಹಂಚುವಾಗ ಮಾಸ್ತರರು, "ಹುಡುಗರು ಹಾರೆ, ಗುದ್ದಲಿ ತಗೊಳ್ಳಿ. ಹುಡುಗಿಯರು ಅಡುಗೆ ಕಡೆ ನೋಡಿಕೊಳ್ಳಿ" ಎಂದರು. ನಾನು ಸಂತೋಷದಿಂದ ಅಡುಗೆ ಚಪ್ಪರದ ನೆರಳಿಗೆ ಹೊರಟೆ. ಅತ್ತೆ ನನ್ನ ಜಡೆ ಹಿಡಿದು ನಿಲ್ಲಿಸಿದಳು.

"ಒಲೆ ಮುಂದೆ ಕೂರೋಕೆ ಇಲ್ಲಿಗಂಟ ಬರ್ಬೇಕಿತ್ತಾ? ಮನೇಲಿ ಒಲೆ ಇರ್ಲಿಲ್ವಾ?" ಎಂದು ಮಾಸ್ತರರನ್ನು ಕೇಳಿದಳು. ಆಮೇಲೆ ಹುಡುಗರ ಸಾಲಿನಿಂದ ನಾಲ್ವರನ್ನು ಎಳೆದು ಚಪ್ಪರಕ್ಕೆ ಕಳಿಸಿ, ಅವರ ಗುದ್ದಲಿಗಳನ್ನು ನಮ್ಮ ಕೈಗೆ ಕೊಟ್ಟಳು. ತಾನೂ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದು ಹಾರೆ ಹಿಡಿದಳು.

ಆ ದಾರಿ ಕಡಿದದ್ದನ್ನು ಏನೆಂದು ಹೇಳಲಿ? ಈಗಿನ ಮಕ್ಕಳು ಬೇಸಿಗೆ ಶಿಬಿರಕ್ಕೆ ಹೋಗಿ ಚಿತ್ರ ಬರೆದು, ಕುಣಿದು, ಬಿಸ್ಕತ್ತು ತಿಂದು ಬರುತ್ತಾರೆ. ನಾವು ಮಣ್ಣು ತಿಂದೆವು. ಗುಡ್ಡದ ಕೆಮ್ಮಣ್ಣು ಬೆವರಿಗೆ ಅಂಟಿ ನಾಲ್ವರೂ ಇಟ್ಟಿಗೆಯ ಬಣ್ಣಕ್ಕೆ ತಿರುಗಿದೆವು. ದಾರಿಯ ನಡುವೆ ಒಂದು ಬಂಡೆ ಅಡ್ಡ ಕೂತಿತ್ತು. ಹುಡುಗರು ನೂಕಿ ನೋಡಿ, ಇದು ಆಗುವ ಕೆಲಸವಲ್ಲ, ಬಳಸಿಕೊಂಡು ಹೋಗೋಣ ಎಂದರು. ಅತ್ತೆ ಅದರ ಮುಂದೆ ನಿಂತು, ಅದು ಹಾಲಿನವನೇನೋ ಎಂಬಂತೆ ದಿಟ್ಟಿಸಿದಳು. "ಬುಡದಲ್ಲಿ ಮಣ್ಣು ಬಿಡ್ಸಿ ಕಣ್ರೇ, ತಾನಾಗೇ ಮಕಾಡೆ ಬೀಳ್ತೈತೆ" ಎಂದಳು. ನಾವು ಬುಡ ಬಿಡಿಸಿದೆವು. ಎರಡನೆಯ ದಿನದ ಬಿಸಿಲಿಳಿಯುವ ಹೊತ್ತಿಗೆ ಅದು ಗೊರಗೊರ ಉರುಳಿ ಹಳ್ಳಕ್ಕೆ ಬಿತ್ತು. ನನಗೆ ಸಿಟ್ಟೆಲ್ಲ ಮರೆತು ನಗು ಬಂದುಬಿಟ್ಟಿತು. ಅತ್ತೆಗೆ ಕಾಣಬಾರದೆಂದು ಆ ಕಡೆ ತಿರುಗಿದೆ.

ಹುಡುಗರ ಅಡುಗೆ ಹೇಗಿತ್ತೆಂದರೆ, ಮುದ್ದೆಯನ್ನು ಮುರಿದರೆ ಒಳಗಿಂದ ಹಿಟ್ಟು ಹಾರುತ್ತಿತ್ತು. ಮೊದಲ ದಿನ ಎಲ್ಲರೂ ಅತ್ತೆಯ ತಟ್ಟೆಯನ್ನೇ ನೋಡುತ್ತ ಕೂತರು. ಅಡುಗೆ ಮಾಡಿದವರಂತೂ ಓಡಲು ತಯಾರಾಗಿದ್ದರು. ಅತ್ತೆ ಆ ಮುದ್ದೆಯನ್ನು ಪೂರ್ತಿ ತಿಂದು, "ನಾಳೆ ಒಂಚೂರು ಜಾಸ್ತಿ ತಿರುವ್ರಪ್ಪ" ಎಂದು ಎದ್ದಳು. ಅಷ್ಟೇ. ನನಗೆ ತಡೆಯಲಾಗಲಿಲ್ಲ. ನಾನು ಮಾಡಿದ ದೋಸೆಗೆ ಊರೆಲ್ಲ ಕೇಳುವಂತೆ ಬೈದವಳು ಇವಳೇ ತಾನೆ?

ಕೊನೆಯ ದಿನ ಮಧ್ಯಾಹ್ನ ಸಮಾರಂಭ. ಜಿಲ್ಲೆಯಿಂದ ಒಬ್ಬ ದೊಡ್ಡ ಅಧಿಕಾರಿ ಜೀಪಿನಲ್ಲಿ ಬಂದರು. ಶಾಲೆಯ ಅಂಗಳದಲ್ಲಿ ಕುರ್ಚಿ ಹಾಕಿ, ಹಾರ ಹಾಕಿ, ಕೈಗೆ ಉಪ್ಪಿಟ್ಟಿನ ತಟ್ಟೆ ಕೊಟ್ಟರು. ಲೈನಿನ ಮಕ್ಕಳು ಆಗಲೇ ಹೊಸ ದಾರಿಯಲ್ಲಿ ಓಡಿ ಬಂದು ಬೇಲಿಯ ಹತ್ತಿರ ನಿಂತಿದ್ದವು. ಕೆಮ್ಮಣ್ಣಿನ ಕಾಲಿನಲ್ಲೇ ನಾವು ಮುಂದಿನ ಸಾಲಿನಲ್ಲಿ ಕೂತೆವು. ಅಧಿಕಾರಿ ಎರಡು ಚಮಚ ಉಪ್ಪಿಟ್ಟು ತಿಂದು, ಎದ್ದು ಭಾಷಣ ಮಾಡಿದರು.

"ಹುಡುಗರು ಬೆವರು ಸುರಿಸಿ ಇಂಥ ಒಳ್ಳೆಯ ದಾರಿ ಮಾಡಿದ್ದಾರೆ. ಹುಡುಗಿಯರು ಅವರಿಗೆ ಹೊತ್ತುಹೊತ್ತಿಗೆ ರುಚಿಯಾದ ಅಡುಗೆ ಮಾಡಿ ಹಾಕಿದ್ದಾರೆ. ಇಬ್ಬರಿಗೂ ಅಭಿನಂದನೆಗಳು."

ಡ್ರಿಲ್ ಮಾಸ್ತರರು ಕಣ್ಣು ಮುಚ್ಚಿಕೊಂಡರು. ಹೆಡ್‌ಮಾಸ್ಟರ್ ಕುರ್ಚಿಯ ತುದಿಗೆ ಬಂದರು. ಎಲ್ಲರೂ ಅತ್ತೆಯ ಕಡೆ ತಿರುಗಿದರು. ಅತ್ತೆ ಅರ್ಧ ಎದ್ದಳು. ಮತ್ತೆ ಕೂತಳು. ತಲೆ ತಗ್ಗಿಸಿ ಸೆರಗಿನ ತುದಿ ನೋಡತೊಡಗಿದಳು.

ನನಗೆ ನಂಬಲಾಗಲಿಲ್ಲ. ಹಾಲಿನವನನ್ನು ಬೈದವಳು, ಬಂಡೆಯನ್ನೂ ಬಿಡದವಳು, ಬೈಯಲೇಬೇಕಾದ ಹೊತ್ತಿನಲ್ಲಿ ಸೆರಗು ನೋಡುತ್ತ ಕೂರುವುದೇ? ದೊಡ್ಡ ಅಧಿಕಾರಿ ಅಂದ ಕೂಡಲೇ ಬಾಯಿ ಬಿದ್ದುಹೋಯಿತೇ? ನನ್ನ ರಜೆ ಹಾಳು ಮಾಡಿದ್ದು ಇದಕ್ಕೇ ಏನು? ಆ ಸಿಟ್ಟಿನಲ್ಲಿ ಯಾವಾಗ ಎದ್ದು ನಿಂತೆನೋ ನನಗೇ ತಿಳಿಯದು.

"ನಾವು ಅಡುಗೆ ಮಾಡಿಲ್ಲ ಸಾರ್" ಎಂದೆ. ಕೆಮ್ಮಣ್ಣು ಮೆತ್ತಿದ ಕೈಗಳನ್ನು ಮುಂದೆ ಚಾಚಿದೆ.

ಪಕ್ಕದಲ್ಲಿ ಜುಬೇದಾ ಎದ್ದಳು. ಅವಳ ದನಿ ಅಷ್ಟು ದೊಡ್ಡದಿದೆಯೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. "ದಾರಿ ಕಡಿದೋರಲ್ಲಿ ನಾವೂ ಇದ್ವಿ ಸಾರ್. ಅಡ್ಡ ಇದ್ದ ಬಂಡೆ ಉರುಳಿಸಿದ್ದು ನಾವೇ. ಬನ್ನಿ, ಹಳ್ಳದಲ್ಲಿ ಬಿದ್ದೈತೆ, ತೋರಿಸ್ತೀವಿ."

ಅಧಿಕಾರಿ ನಮ್ಮ ಕಾಲು ನೋಡಿದರು, ಕೈ ನೋಡಿದರು. "ಹಾಗಾದರೆ ಈ ಉಪ್ಪಿಟ್ಟು ಮಾಡಿದವರು ಯಾರು?" ಎಂದು ಕೇಳಿದರು. ಹಿಂದಿನ ಸಾಲಿನಲ್ಲಿ ನಾಲ್ವರು ಹುಡುಗರು, ಕಳ್ಳತನ ಒಪ್ಪಿಕೊಳ್ಳುವವರಂತೆ ಮೆಲ್ಲಗೆ ಕೈ ಎತ್ತಿದರು. "ಈಗ ಅರ್ಥವಾಯಿತು" ಎಂದು ಅಧಿಕಾರಿ ತಟ್ಟೆಯನ್ನು ದೂರ ಸರಿಸಿದರು. ಅಂಗಳವೆಲ್ಲ ನಕ್ಕಿತು. ಆಮೇಲೆ ಅವರು ಮೊದಲಿನ ಮಾತನ್ನು ತಿದ್ದಿ, ದಾರಿ ಮಾಡಿದವರ ಜೊತೆ ನಮ್ಮ ನಾಲ್ವರ ಹೆಸರನ್ನೂ ಕೇಳಿ ಹೇಳಿದರು. ಡ್ರಿಲ್ ಮಾಸ್ತರರು ಒಂದು ಹೆಸರನ್ನೂ ತಪ್ಪದೆ ಹೇಳಿಕೊಟ್ಟರು.

ಸಂಜೆ ಸಕಲೇಶಪುರಕ್ಕೆ ವಾಪಸಾಗುವ ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತಳು. ಜುಬೇದಾ ನಡುವೆ, ನಾನು ಈಚೆ. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಯಾಕತ್ತೆ ಸುಮ್ನೆ ಕೂತೆ? ಆವಯ್ಯಂಗೆ ಹೆದರಿಬುಟ್ಯಾ?" ಎಂದು ಕೇಳಿಯೇಬಿಟ್ಟೆ.

ಅತ್ತೆ ಕಿಟಕಿಯಿಂದ ಇತ್ತ ತಿರುಗಿದಳು.

"ಹೆದ್ರೋದಾ? ಬೈಯೋಕೆ ಅಂತ್ಲೇ ಎದ್ದೆ ಕಣೇ" ಎಂದಳು. "ಮಣ್ಣುಕಾಲಲ್ಲಿ ಸಾಲಾಗಿ ಕೂತಿದ್ರಲ್ಲ, ನಿಮ್ಮನ್ನ ನೋಡ್ಬುಟ್ಟೆ. ಅಳು ಬಂದ್ಬುಡ್ತು. ಅಳ್ತಾ ಬೈದ್ರೆ ಯಾರು ಹೆದರ್ತಾರೆ?"

ಕಣ್ಣೊರೆಸಿಕೊಳ್ಳಲು ಅತ್ತೆ ಸೆರಗು ಎತ್ತಿದಾಗ ಅವಳ ಅಂಗೈ ಕಂಡಿತು. ಹಾರೆ ಹಿಡಿದಲ್ಲೆಲ್ಲ ಬೊಬ್ಬೆ ಎದ್ದು, ಒಡೆದು, ಕೆಂಪಗಾಗಿತ್ತು. ನಮ್ಮ ನಾಲ್ವರ ಅಂಗೈಗೂ ದಿನಾ ಎಣ್ಣೆ ಹಚ್ಚಿದವಳು ತನ್ನದನ್ನು ಯಾರಿಗೂ ತೋರಿಸಿರಲಿಲ್ಲ. ಜುಬೇದಾ ಆ ಕೈಯನ್ನು ಎಳೆದು ತನ್ನ ಮಡಿಲಲ್ಲಿಟ್ಟುಕೊಂಡು ಮೆಲ್ಲಗೆ ಊದತೊಡಗಿದಳು. ಅತ್ತೆ ಏನಾದರೂ ಅನ್ನುತ್ತಾಳೆಂದು ನಾನು ಕಾದೆ. ಅವಳು ಕೈಯನ್ನು ಅಲ್ಲೇ ಬಿಟ್ಟು ಕಣ್ಣು ಮುಚ್ಚಿದಳು.