ವೈನಿ ಕರೆದರೆ ಓಡಿ ಬರುವ ಕ್ಯಾಲೆಂಡರುಗಳು

ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಎಂಥವಳು ಗೊತ್ತೇ? ಮೊದಲೇ ಹೇಳಿ ಹೊತ್ತು ಗೊತ್ತು ಮಾಡಿಕೊಳ್ಳದೆ ಅವಳೆದುರು ಸೀನಿದರೂ ಅವಳಿಗೆ ಸಿಟ್ಟು! ಹಟ್ಟಿಕೇರಿಯ ನನ್ನ ತವರುಮನೆಗೆ ಬರುವ ಮೀನಿನವಳಿಗೂ, ‘ಒಂಬತ್ತೂವರೆಗೆ ಬಾ, ಮೊದ್ಲು ಬಂದ್ರೆ ಬಾಗ್ಲು ತೆಗೆಯೂದಿಲ್ಲ’ ಅಂದಿದ್ದಳು. ಮೀನಿನವಳು ಬಿಟ್ಟಾಳೆಯೇ? ‘ನಂಗೆ ಹೇಳಿ ಎಂತ ಮಾಡ್ತೆ? ಬಂಗಡೆಗೆ ಹೇಳು!’ ಅಂದು ಬುಟ್ಟಿ ಎತ್ತಿಕೊಂಡು ಹೋದಳು.

ಅಂಕೋಲೆಯ ಕಚೇರಿಯಲ್ಲಿ ದುಡಿಯುತ್ತಲೇ ಕಂಪ್ಯೂಟರ್ ಪ್ರೋಗ್ರಾಂ ಬರೆಯಲು ತಾನೇ ಕಲಿತವಳು. ಈಚೆಗೆ ಹೊಸ ಹುಚ್ಚು: ಮನೆಮಂದಿಯ ಫೋನಿನ ಕ್ಯಾಲೆಂಡರುಗಳನ್ನೆಲ್ಲ ಒಂದೇ ಪರದೆಗೆ ತರುವುದು! ನಾವು ಒಪ್ಪಿಗೆಯ ಗುಂಡಿ ಒತ್ತಿದರೆ ಸಾಕು. ಅವಳ ಪ್ರೋಗ್ರಾಂ ಕ್ಯಾಲೆಂಡರ್ ಕಂಪನಿಯ ಎಪಿಐ ಎಂಬ ಬಾಗಿಲು ತಟ್ಟಿ, ‘ಇವರದ್ದು ಏನೇನು ಉಂಟೋ ಕೊಡಿ’ ಅಂತ ಕೇಳಿ ತರುತ್ತದೆ. ಮೊದಲು ಅಣ್ಣನದು ತರಿಸಿದಳು. ‘ಕ್ರಿಕೆಟ್’ ಎಂಬ ಕ್ಯಾಲೆಂಡರ್ ಬಂತು, ಭರ್ತಿ! ಹಿಂದೆಯೇ ‘ವ್ಯಾಯಾಮ’ ಬಂತು. ಪಾಪ, ಬೋಳು ಬಯಲು!

ಆಯಿಗೆ ಹೆಮ್ಮೆಯೋ ಹೆಮ್ಮೆ. ನನಗೆ ಫೋನು ಮಾಡಿ ಅಂದಳು: ‘ನನ್ನ ಸೊಸೆ ಕರೆದ್ರೆ ಕ್ಯಾಲೆಂಡರ್ ಓಡಿ ಬರ್ತದೆ. ನೀ ಕರೆದ್ರೆ ಬೆಕ್ಕೂ ಬರೂದಿಲ್ಲ!’

ಹೆತ್ತ ಮಗಳಿಗೆ ಹೇಳುವ ಮಾತೇ ಇದು? ಕಾರವಾರದ ನನ್ನ ಅಡುಗೆಮನೆಯಲ್ಲಿ ಸಾಸಿವೆಗಿಂತ ಮೊದಲು ನಾನೇ ಸಿಡಿದೆ.

ಒಪ್ಪಿಗೆಯನ್ನೇನೋ ಕೊಟ್ಟೆ. ಕೊಡುವ ಮುಂಚೆ ಖಾಲಿ ಬಿದ್ದಿದ್ದ ನನ್ನ ಕ್ಯಾಲೆಂಡರ್ ತುಂಬಿಸಿದೆ: ಸಂಗೀತದ ಕ್ಲಾಸು, ಮಹಿಳಾ ಸಂಘದ ಸಭೆ, ಈಜು! ನನಗೆ ನೀರು ಕಂಡರೆ ನಡುಕ. ಕ್ಯಾಲೆಂಡರಿಗೆ ಇಲ್ಲವಲ್ಲ!

ಸಂಜೆಗೆ ವೈನಿಯ ಫೋನು. ‘ಮಾರಾಯ್ತಿ, ಭಾನುವಾರವೂ ಪುರಸೊತ್ತಿಲ್ವನೇ ನಿಂಗೆ?’

‘ಎಂತ ಮಾಡೂದು ವೈನಿ, ಎಲ್ಲರಿಗೂ ನಾನೇ ಬೇಕು!’

ಅವತ್ತಿನ ಊಟ ಏನು ರುಚಿ ಅಂತೀರಿ!

ಭಾನುವಾರ ಬೆಳಿಗ್ಗೆ, ಕ್ಯಾಲೆಂಡರಿನ ಪ್ರಕಾರ ಈಜುತ್ತಿರಬೇಕಾದವಳು ನೈಟಿ ಎತ್ತಿಕಟ್ಟಿ ಬಟ್ಟೆ ಒಗೆಯುತ್ತಿದ್ದೆ. ಬಾಗಿಲಲ್ಲಿ ವೈನಿ! ಪಕ್ಕದಲ್ಲಿ, ಮೊಣಕಾಲು ನೋವೆಂದು ಎಷ್ಟೋ ದಿನದಿಂದ ಅಂಗಳ ದಾಟದ ಆಯಿ!

‘ನಿಂಗೆ ಬರೂಕೆ ಪುರಸೊತ್ತಿಲ್ಲ ಅಂತ ಅತ್ತೆ ಸಪ್ಪಗೆ ಕೂತಿದ್ರು’ ಅಂದಳು ವೈನಿ. ‘ಅದಕ್ಕೆ ಕಾರು ಮಾಡಿ ಕರ್ಕೊಂಡು ಬಂದೆ.’

ಆಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ‘ಈಜೂಕೆ ಹೋಗ್ಲಿಲ್ವನೇ?’

ವೈನಿ ನನ್ನ ಕೈಯಿಂದ ಬಕೆಟ್ ತೆಗೆದುಕೊಂಡಳು.

‘ನೀವು ಬರ್ತೀರಿ ಅಂತ ನಾನೇ ಹೇಳಿದ್ದೆ ಅತ್ತೆ. ನಿಮಗೋಸ್ಕರ ಎಲ್ಲ ಬಿಟ್ಟು ಮನೇಲಿ ಉಳಿದಿದ್ದಾಳೆ.’

ಆಯಿ ನನ್ನ ಒದ್ದೆ ಕೈಗಳನ್ನು ಹಿಡಿದು ತನ್ನ ಸೆರಗಿನಲ್ಲಿ ಒರೆಸತೊಡಗಿದಳು. ವೈನಿ ಆಗಲೇ ಹಿತ್ತಲಿನಲ್ಲಿ ನನ್ನ ಬಟ್ಟೆ ಹಿಂಡುತ್ತಿದ್ದಳು.