ಸೋದರತ್ತೆಗೆ ಮಂಜೂರಾದ ಕಲ್ಲು

ತಂತ್ರಜ್ಞಾನದಲ್ಲಿ ಆಸಕ್ತಿಯಿಲ್ಲದವರು ಇಂದಿಗೂ ಬದುಕಿದ್ದಾರೆ, ಮತ್ತು ಅವರಲ್ಲಿ ಕೆಲವರು ನಮ್ಮ ನೌಕರರ ಬಂಧುಗಳೇ ಆಗಿದ್ದಾರೆ ಎಂಬ ಸಂಗತಿಯನ್ನು ನಮ್ಮ ಸಂಸ್ಥೆಯು ಈ ವರ್ಷ ಅಧಿಕೃತವಾಗಿ ಒಪ್ಪಿಕೊಂಡಿತು. ಅಲ್ಲಿಯವರೆಗೆ ಇದನ್ನು ವದಂತಿಯೆಂದೇ ಪರಿಗಣಿಸಲಾಗಿತ್ತು.

ನಮ್ಮದು ಮಾತಾಡುವ ದೀಪ, ಹೆಜ್ಜೆ ಎಣಿಸುವ ಕೈಪಟ್ಟಿ, ನೀರು ಕುಡಿಯಿರೆಂದು ಗದರುವ ಲೋಟ ಮುಂತಾದವನ್ನು ತಯಾರಿಸುವ ಸಂಸ್ಥೆ. ವರ್ಷಾಂತ್ಯದ ರಜೆಗೆ ಪ್ರತಿ ನೌಕರನ ಪ್ರೀತಿಪಾತ್ರರೊಬ್ಬರಿಗೆ ಉಡುಗೊರೆ ಕೊಡುವುದು ಇಲ್ಲಿನ ಪದ್ಧತಿ. ಮಾರಾಟವಾಗದೆ ಗೋದಾಮಿನಲ್ಲಿ ಉಳಿದದ್ದೇ ಉಡುಗೊರೆ ಎಂದು ಯಾವ ನಿಯಮದಲ್ಲೂ ಬರೆದಿಲ್ಲ. ಬರೆಯದ ನಿಯಮವಾದ್ದರಿಂದ ಯಾರೂ ಅದನ್ನು ಮುರಿದಿಲ್ಲ.

ರವಾನೆ ವಿಭಾಗದ ನಮ್ಮ ಗುಮಾಸ್ತನಿಗೆ ಪ್ರೀತಿಪಾತ್ರರೆಂದರೆ ಅವನನ್ನು ಎತ್ತಿ ಆಡಿಸಿ ಬೆಳೆಸಿದ ಸೋದರತ್ತೆ ಒಬ್ಬರೇ. ಬೀದಿಗೆ ಬಾಗಿಲಿರುವ ಒಂದು ಕೋಣೆಯಲ್ಲಿ ಕುಳಿತು, ಬಂದವರ ಅಂಗಿಗೆ ಗುಂಡಿ ಹಾಕಿಕೊಟ್ಟು ಜೀವನ ಮಾಡುವ ಹೆಂಗಸು. ವರ್ಷವರ್ಷವೂ ಬಂದ ಉಡುಗೊರೆಗಳನ್ನೆಲ್ಲ ಟ್ರಂಕಿಗೆ ತುಂಬಿ, ಮೇಲೆ ಹಾಸಿಗೆ ಪೇರಿಸಿದ್ದರು. ಮಧ್ಯಾಹ್ನದ ಹೊತ್ತು ಟ್ರಂಕಿನೊಳಗಿಂದ, "ನೀವು ಇಂದು ಸಾಕಷ್ಟು ನಡೆದಿಲ್ಲ" ಎಂಬ ದನಿ ಬರುತ್ತಿತ್ತು. ಅತ್ತೆ ಮರ್ಯಾದಸ್ಥರು. ಮಾತಾಡಿಸಿದವರಿಗೆ ಉತ್ತರ ಕೊಡದೆ ಇರುವವರಲ್ಲ. "ನೀನು ನಡೆದ್ಯಾ?" ಎಂದು ಕೇಳಿ ಸೂಜಿಗೆ ಕೈಹಾಕುತ್ತಿದ್ದರು.

ಅವರಿಗೆ ಜೀವವೆಲ್ಲ ಬಾಗಿಲ ಮೇಲೆ. ಬಾಗಿಲು ತೆರೆದಿದ್ದರೆ ಹೋಗುವವರು ಬರುವವರು ಇಣುಕುತ್ತಾರೆ, ಹೊಸ್ತಿಲ ಮೇಲೆ ಕೂತು ಮನೆಯ ಜಗಳವನ್ನೆಲ್ಲ ಒಪ್ಪಿಸುತ್ತಾರೆ, ಹೋಗುವಾಗ ಒಂದು ಗುಂಡಿಯನ್ನೂ ಹಾಕಿಸಿಕೊಳ್ಳುತ್ತಾರೆ. ಆದರೆ ಆ ಬೀದಿಯ ಗಾಳಿ ಕೆಟ್ಟದ್ದು. ಬಾಗಿಲನ್ನು ದಢಾರನೆ ಹಾಕಿಬಿಡುತ್ತದೆ. ಅದಕ್ಕೇ ಅತ್ತೆ ಒಂದು ಹಳೆಯ ಕೆಂಡದ ಇಸ್ತ್ರಿಪೆಟ್ಟಿಗೆಯನ್ನು ಬಾಗಿಲಿಗೆ ಒತ್ತಿಟ್ಟಿದ್ದರು. ಎಷ್ಟೋ ವರ್ಷದಿಂದ ಎಲ್ಲವೂ ಸುಸೂತ್ರವಾಗಿತ್ತು. ಹೀಗಿರುವಾಗ ಸಂಸ್ಥೆಗೆ ಅವರ ಮೇಲೆ ಕರುಣೆ ಹುಟ್ಟಿತು.

ತಪ್ಪು ಗುಮಾಸ್ತನದೇ. ಈ ಸಲ ಅವನು ನಿರ್ದೇಶಕರ ಮುಂದೆ ನಿಂತು, ಅತ್ತೆಗೆ ಚಳಿ, ದೀಪಗೀಪ ಬೇಡ, ಒಂದು ಕಂಬಳಿ ಕೊಟ್ಟರೆ ಸಾಕು ಎಂದು ಕೇಳಿಕೊಂಡ. ಪಡೆಯುವವರಿಗೆ ಬೇಕಾದದ್ದನ್ನು ಉಡುಗೊರೆಯಾಗಿ ಕೇಳಿದ ಪ್ರಸಂಗ ಸಂಸ್ಥೆಯ ಇತಿಹಾಸದಲ್ಲೇ ಇದು ಮೊದಲು. ನಿರ್ದೇಶಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕೂಡಲೇ ಒಂದು ಪ್ರಕಟಣೆ ಹೊರಬಿತ್ತು:

"ತಂತ್ರಜ್ಞಾನದಲ್ಲಿ ಆಸಕ್ತಿಯಿಲ್ಲದ ಪ್ರೀತಿಪಾತ್ರರಿಗೆ ತಂತ್ರಜ್ಞಾನರಹಿತ ಉಡುಗೊರೆಯನ್ನು ಆಯ್ಕೆ ಮಾಡಲು ಉನ್ನತ ಸಮಿತಿಯನ್ನು ರಚಿಸಲಾಗಿದೆ. ಸದರಿ ಪ್ರೀತಿಪಾತ್ರರ ನಿರಾಸಕ್ತಿಯನ್ನು ಸ್ಥಳದಲ್ಲೇ ಪರಿಶೀಲಿಸತಕ್ಕದ್ದು. ನಿರಾಸಕ್ತಿಯಲ್ಲಿ ಲೋಪ ಕಂಡುಬಂದರೆ ಸಂಬಂಧಪಟ್ಟ ನೌಕರನೇ ಹೊಣೆ."

ಪರಿಶೀಲನೆಗೆ ಒಬ್ಬ ಪರಿವೀಕ್ಷಕರು ಬಂದರು. ಸಭ್ಯ ಮನುಷ್ಯ, ಚಪ್ಪಲಿ ಹೊರಗೇ ಬಿಟ್ಟು ಬಂದರು. ಟ್ರಂಕು ಅವರಿಗೂ ನಡೆಯಲು ಹೇಳಿತು. ಅವರು ಎರಡು ಹೆಜ್ಜೆ ನಡೆದು, ಅತ್ತೆಯ ಕೈಯಲ್ಲಿದ್ದ ಸೂಜಿಯನ್ನು ನೋಡಿ, "ಒಂದು ಕಣ್ಣಿನ ಲೋಹದ ಉಪಕರಣ, ಜೀವನೋಪಾಯಕ್ಕಾಗಿ" ಎಂದು ಗೊಣಗಿಕೊಂಡು ಅದಕ್ಕೆ ವಿನಾಯಿತಿ ಕೊಟ್ಟರು. ಇಸ್ತ್ರಿಪೆಟ್ಟಿಗೆಯ ಮುಂದೆ ಮಾತ್ರ ನಿಂತುಬಿಟ್ಟರು. ಹಿಡಿ, ಮುಚ್ಚಳ, ತಿರುಗುವ ಕೀಲು. ಇಂಥ ಯಂತ್ರವನ್ನು ಹಾಡುಹಗಲೇ ಬಾಗಿಲಲ್ಲಿ ಇಟ್ಟುಕೊಂಡವರಿಗೆ ತಂತ್ರಜ್ಞಾನದಲ್ಲಿ ಆಸಕ್ತಿಯಿಲ್ಲವೆಂದು ಹೇಗೆ ನಂಬುವುದು? ಅತ್ತೆ ಅದರಲ್ಲಿ ಕೆಂಡ ಹಾಕಿ ಎಷ್ಟೋ ಕಾಲವಾಯಿತೆಂದರು. ಆಸೆ ಮನಸ್ಸಿನಲ್ಲಿರುತ್ತದೆಯೇ ಹೊರತು ಕೆಂಡದಲ್ಲಲ್ಲ ಎಂದು ಪರಿವೀಕ್ಷಕರು ನಯವಾಗಿಯೇ ತಿಳಿಸಿ, ಪೆಟ್ಟಿಗೆಯನ್ನು ಜಪ್ತಿ ಮಾಡಿ ಕಂಕುಳಲ್ಲಿಟ್ಟುಕೊಂಡು ಹೊರಟರು. ಅವರು ಹೊಸ್ತಿಲು ದಾಟುತ್ತಿದ್ದಂತೆ ಬಾಗಿಲು ದಢಾರನೆ ಮುಚ್ಚಿತು.

ಈ ಕಡೆ ಸಮಿತಿ ಹಗಲಿರುಳು ದುಡಿಯಿತು. ಕಂಬಳಿಯನ್ನು ಮೊದಲ ಸಭೆಯಲ್ಲೇ ತಿರಸ್ಕರಿಸಲಾಯಿತು, ಏಕೆಂದರೆ ಮಗ್ಗವೂ ಯಂತ್ರವೇ. ಬಾಚಣಿಗೆಗೆ ಹಲ್ಲುಗಳಿದ್ದವು. ಮಡಕೆಯ ಹಿಂದೆ ಚಕ್ರ, ಚಾಪೆಯ ಹಿಂದೆ ಲೆಕ್ಕಾಚಾರ. ಒಬ್ಬ ಸದಸ್ಯರು ಮಾವಿನಹಣ್ಣೆಂದರು. ಕಸಿ ಮಾಡಿದ ಮರವಿರಬಹುದೆಂದು ಇನ್ನೊಬ್ಬರು ಆಕ್ಷೇಪಿಸಿದರು. ಹಣ್ಣಿನ ಪರೀಕ್ಷೆ ಸಮಿತಿಯೊಳಗೇ ನಡೆದು, ಕೊನೆಗೆ ಓಟೆಗಳು ಮಾತ್ರ ಉಳಿದವು. ಬೆಟ್ಟ ಅಗೆದು ಇಲಿ ಹಿಡಿದರು ಎಂದು ಜನ ಆಡಿಕೊಳ್ಳುವುದುಂಟು. ನಮ್ಮ ಸಮಿತಿ ಇಲಿಯ ತಂಟೆಗೆ ಹೋಗದೆ ಬೆಟ್ಟದ ಒಂದು ಚೂರನ್ನೇ ಆರಿಸಿತು. ಯಾರೂ ಮಾಡದ, ಎಲ್ಲೂ ತಿರುಗದ, ಯಾವ ಕೆಲಸಕ್ಕೂ ಬಾರದ ವಸ್ತು: ಕಲ್ಲು.

ಕಲ್ಲು ಪೂರೈಸುವ ಗುತ್ತಿಗೆ ನಿರ್ದೇಶಕರ ಭಾವಮೈದುನರಿಗೆ ಸಿಕ್ಕಿತು. ಅರ್ಜಿ ಹಾಕಿದ್ದವರು ಅವರೊಬ್ಬರೇ, ಏಕೆಂದರೆ ವಿಷಯ ಗೊತ್ತಿದ್ದವರೂ ಅವರೊಬ್ಬರೇ. ಹೊಳೆಯ ಕಲ್ಲುಗಳು ಒಂದೊಂದು ಒಂದೊಂದು ಗಾತ್ರವಿದ್ದು ಲೆಕ್ಕಪರಿಶೋಧನೆಯಲ್ಲಿ ತೊಂದರೆಯಾಗುವುದರಿಂದ, ಅವರು ಒಂದು ಕಾರ್ಖಾನೆ ತೆರೆದು ಸಿಮೆಂಟಿನಲ್ಲಿ ಒಂದೇ ಅಚ್ಚಿನ ನೈಸರ್ಗಿಕ ಕಲ್ಲುಗಳನ್ನು ಎರಕ ಹೊಯ್ಯಿಸಿದರು. ಕಾರ್ಖಾನೆ ಎಂದರೆ ಯಂತ್ರವಲ್ಲವೇ ಎಂದು ಗುಮಾಸ್ತ ಬಾಯಿತಪ್ಪಿ ಕೇಳಿದ.

"ಅದು ಗುತ್ತಿಗೆ ಕಣಯ್ಯಾ, ತಂತ್ರಜ್ಞಾನ ಅಲ್ಲ" ಎಂದರು ನಿರ್ದೇಶಕರು. ಇಷ್ಟು ಸಣ್ಣ ವಿಷಯವೂ ತಿಳಿಯದ ಈ ಮನುಷ್ಯ ರವಾನೆ ವಿಭಾಗ ಬಿಟ್ಟು ಮೇಲೆ ಬರದಿದ್ದರಲ್ಲಿ ಆಶ್ಚರ್ಯವಿಲ್ಲ.

ಕಲ್ಲಿಗೆ ಕೆಂಪು ಪಟ್ಟಿ ಕಟ್ಟಿ, ಭಾಷಣ ಮಾಡಿ, ಅತ್ತೆಯ ಮಡಿಲಿಗೆ ಇಡಲಾಯಿತು. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಗುಂಡಿ ಒತ್ತುವುದು ಎಲ್ಲೆಂದು ಕೇಳಿದರು. ಗುಂಡಿಯಿಲ್ಲ ಎಂದಾಗ ಅವರ ಮುಖ ಅರಳಿತು. ಎಲ್ಲರೂ ಹೋದ ಮೇಲೆ ಪಟ್ಟಿ ಬಿಚ್ಚಿ, ಕಲ್ಲನ್ನು ಬಾಗಿಲಿಗೆ ಒತ್ತಿಟ್ಟರು. ಬಾಗಿಲು ಅಲ್ಲಾಡಲಿಲ್ಲ. ಮಾರನೆಯ ದಿನ ಹೊಸ್ತಿಲ ಮೇಲೆ ಮತ್ತೆ ಜನ ಕೂತರು, ತಡೆದು ನಿಂತಿದ್ದ ಜಗಳಗಳೆಲ್ಲ ಒಟ್ಟಿಗೆ ಬಂದವು. ಗುಮಾಸ್ತನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕಚೇರಿಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದ. ಹೇಳಬಾರದಿತ್ತು.

ಉಡುಗೊರೆಯ ನಂತರದ ತಪಾಸಣೆಗೆ ಪರಿವೀಕ್ಷಕರು ಬಂದು ಬಾಗಿಲಲ್ಲೇ ತಲೆಯ ಮೇಲೆ ಕೈ ಇಟ್ಟುಕೊಂಡರು. ಸುಮ್ಮನಿರಬೇಕಾದ ಕಲ್ಲು ಕೆಲಸ ಮಾಡುತ್ತಿತ್ತು. ಕೆಲಸ ಮಾಡುವ ವಸ್ತು ಉಪಕರಣ, ಉಪಕರಣವೆಂದರೆ ತಂತ್ರಜ್ಞಾನ. ಅತ್ತೆ ಕಲ್ಲಿನಿಂದ ಯಂತ್ರ ತಯಾರಿಸಿದ್ದರು. ಆದರೂ ಸಂಸ್ಥೆ ನಿರ್ದಯಿಯಲ್ಲ. ಕಲ್ಲನ್ನು ವಾಪಸು ಪಡೆಯದೆ ಒಂದು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕಿ, ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿತು. ಇನ್ನು ಮುಂದೆ ಬಾಗಿಲಿಗೆ ಯಾವ ವಸ್ತುವನ್ನು ಒತ್ತಿಟ್ಟರೂ ಗುಮಾಸ್ತನ ಕೆಲಸಕ್ಕೆ ಸಂಚಕಾರವೆಂದು ತಿಳಿಸಲಾಯಿತು. ಗಾಜಿನ ಪೆಟ್ಟಿಗೆ ಸರಬರಾಜು ಮಾಡಿದವರೂ ಭಾವಮೈದುನರೇ.

ಗುಮಾಸ್ತ ಹೋದಾಗ ಬಾಗಿಲು ಮುಚ್ಚಿತ್ತು. ತಟ್ಟಿ ಒಳಗೆ ಹೋದ. ಅತ್ತೆ ದೀಪ ಹಾಕಿಕೊಂಡು ಗೋಡೆಯ ಕಡೆ ನೋಡುತ್ತಾ ಕೂತಿದ್ದರು.

"ನಂಗೆ ಕಂಬಳೀನೂ ಬೇಡ, ಏನೂ ಬೇಡ ಮಗಾ," ಎಂದರು ಅವರು. "ಬಾಗಿಲು ತೆಗೆದಿದ್ರೆ ಸಾಕು. ಮುಚ್ಕೊಂಡ್ಬಿಟ್ರೆ ನಾನು ಇದೀನಿ ಅನ್ನೋದೇ ಬೀದಿಗೆ ಮರೆತುಹೋಗತ್ತೆ. ನಿನ್ ಕೆಲಸಕ್ಕೆ ಕುತ್ತು ಬರತ್ತೆ ಅಂತ ಸುಮ್ನಿದೀನಿ."

ಗುಮಾಸ್ತ ನೇರ ನಿರ್ದೇಶಕರ ಕೋಣೆಗೆ ಬಂದು, ಬಾಗಿಲಿಗೆ ವಸ್ತು ಇಡಬಾರದೆಂದರೆ ತಾನೇ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತೇನೆ, ಏನು ಮಾಡುತ್ತೀರೋ ಮಾಡಿ ಎಂದುಬಿಟ್ಟ. ಕೋಪದಲ್ಲಿ ಹೇಳಿದ ಮಾತು. ನಿರ್ದೇಶಕರು ಅದನ್ನು ಪ್ರಸ್ತಾವನೆಯೆಂದು ಸ್ವೀಕರಿಸಿ ಸಮಿತಿಗೆ ಕಳಿಸಿದರು.

ಸಮಿತಿ ಆಳವಾಗಿ ಚರ್ಚಿಸಿತು. ಕಲ್ಲನ್ನು ಕೂರಿಸಲಾಗಿತ್ತು, ಆದ್ದರಿಂದ ಅದು ಬಳಕೆ. ನೌಕರ ತಾನಾಗಿಯೇ ಕೂರುತ್ತಾನೆ. ಸುಮ್ಮನೆ ಕೂತ ನೌಕರನಿಂದ ಯಾವುದೇ ಕೆಲಸ ನಡೆಯುತ್ತದೆಂದು ಹೇಳಲು ಸಂಸ್ಥೆಯ ಯಾವ ವಿಭಾಗದಲ್ಲೂ ಆಧಾರ ಸಿಗಲಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಗುಮಾಸ್ತನನ್ನು ತಂತ್ರಜ್ಞಾನರಹಿತ ವಸ್ತುವೆಂದು ಘೋಷಿಸಿ, ಎದೆಗೆ ಕೆಂಪು ಪಟ್ಟಿ ಕಟ್ಟಿ, ಈ ವರ್ಷದ ಉಡುಗೊರೆಯಾಗಿ ಸೋದರತ್ತೆಗೆ ಹಸ್ತಾಂತರಿಸಲಾಯಿತು. ಸಂಬಳ ಎಂದಿನಂತೆ. ಅವನನ್ನು ಪೂರೈಸಿದ್ದಕ್ಕೆ ದಲ್ಲಾಳಿ ಹಣ ಭಾವಮೈದುನರಿಗೆ.

ಈಗ ಅವನು ಬೆಳಗಿನಿಂದ ಸಂಜೆಯವರೆಗೆ ತೆರೆದ ಬಾಗಿಲಿಗೆ ಬೆನ್ನು ಕೊಟ್ಟು ಕೂತಿರುತ್ತಾನೆ. ಬೀದಿಯವರು ಅವನ ಕಾಲು ದಾಟಿ ಒಳಗೆ ಬರುತ್ತಾರೆ. ಅತ್ತೆಯ ಸೂಜಿಗೆ ದಾರ ಪೋಣಿಸಿಕೊಟ್ಟರೆ ಅವನು ಉಪಕರಣವಾಗಿಬಿಡುತ್ತಾನೆಂದು ಪರಿವೀಕ್ಷಕರು ಎಚ್ಚರಿಸಿದ್ದಾರೆ. ಉಪಯೋಗಕ್ಕೆ ಬಾರದಂತೆ ಕೂರುವುದು, ಇಷ್ಟು ವರ್ಷ ನಮ್ಮಲ್ಲಿದ್ದವನಿಗೆ ಕಷ್ಟವಾಗಿಲ್ಲ. ಉಳಿದ ನೌಕರರು ತಮ್ಮನ್ನೂ ಯಾರಿಗಾದರೂ ಉಡುಗೊರೆ ಕೊಡಿರೆಂದು ಅರ್ಜಿ ಹಾಕಿದ್ದಾರೆ.

ಮೊನ್ನೆ ಪರಿವೀಕ್ಷಕರು ಬಂದು ಅವನ ಭುಜ ತಟ್ಟಿ, ಬಿರುಕು ಬಿಟ್ಟಿಲ್ಲವೆಂದು ಖಚಿತಪಡಿಸಿಕೊಂಡು, ಉಡುಗೊರೆ ತೃಪ್ತಿಕರವಾಗಿದೆಯೇ ಎಂದು ಅತ್ತೆಯನ್ನು ವಿಚಾರಿಸಿದರು.

"ಚೆನ್ನಾಗಿದೆಯಪ್ಪ," ಎಂದರು ಅತ್ತೆ, ದಾರವನ್ನು ಹಲ್ಲಿನಲ್ಲಿ ಕಚ್ಚುತ್ತಾ. "ಇದೂ ಮಾತಾಡತ್ತೆ. ಆದ್ರೆ ನಡಿ ನಡಿ ಅನ್ನಲ್ಲ, ಪಕ್ಕದಲ್ಲೇ ಕೂತಿರತ್ತೆ."

ಪರಿವೀಕ್ಷಕರು ತೃಪ್ತಿಕರ ಎಂದು ಷರಾ ಬರೆದು, ಅವನ ಕಾಲು ದಾಟಿ ಹೊರಗೆ ಹೋದರು.