ಐವತ್ತು ನಿಮಿಷ ಲೇಟು

ಎಲ್ಲಕ್ಕೂ ಕಾರಣ ಒಂದು ಟವೆಲು. ಒಣಗಲು ಹಾಕಿದ್ದ ಅದನ್ನು ತರೋಣವೆಂದು ಆ ಸಂಜೆ ತಾರಸಿಗೆ ಹೋಗದೇ ಇದ್ದಿದ್ದರೆ, ವಾಚ್ ರಿಪೇರಿಯ ಸೆಕೆಂಡಪ್ಪ ಚಂದ್ರನ ಗೊಡವೆಗೆ ಹೋಗುತ್ತಲೇ ಇರಲಿಲ್ಲ.

ಸೆಕೆಂಡಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ಟೈಮೆಷ್ಟು ಎಂದು ಕೇಳಿದರೆ ಗಂಟೆ, ನಿಮಿಷದ ಜೊತೆಗೆ ಸೆಕೆಂಡನ್ನೂ ಸೇರಿಸಿಯೇ ಹೇಳುವ ಆಸಾಮಿ. ಮೂವತ್ತು ವರ್ಷ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಾಸಿವೆಗಿಂತ ಚಿಕ್ಕ ವಸ್ತುಗಳನ್ನೇ ನೋಡುತ್ತ ಬಂದವನು, ಟವೆಲಿಗೆ ಕೈಹಾಕಿ ತಲೆಯೆತ್ತಿದರೆ ಗಿರಣಿಯ ಚಿಮಣಿಯ ಪಕ್ಕದಲ್ಲಿ ಬೆಂಕಿ ಬಿದ್ದಿತ್ತು. ಕೂಗಬೇಕು ಎನ್ನುವಷ್ಟರಲ್ಲಿ ಆ ಬೆಂಕಿ ದುಂಡಗಾಗಿ ಮೇಲೆದ್ದಿತು. ಕಿತ್ತಳೆ ಬಣ್ಣದ, ತಾಮ್ರದ ಹಂಡೆಯಷ್ಟು ದೊಡ್ಡ ಚಂದ್ರ. ಇಷ್ಟು ದೊಡ್ಡದು ಇಷ್ಟು ಸದ್ದಿಲ್ಲದೆ ಬರುತ್ತದಲ್ಲ ಎಂದು ಅವನಿಗೆ ಮೈ ಜುಮ್ಮೆಂದಿತು. ಆದರೂ ಹುಟ್ಟುಗುಣ, ಕೈಗಡಿಯಾರ ನೋಡಿಕೊಂಡ. ಆರು ಗಂಟೆ ಇಪ್ಪತ್ತೆರಡು ನಿಮಿಷ, ಹತ್ತು ಸೆಕೆಂಡು.

ಅದನ್ನು ಅವನು ತನ್ನಲ್ಲೇ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು. ಆದರೆ ಮರುದಿನ ಬೆಳಿಗ್ಗೆ ಹೆಡ್‌ಮಿಸ್ ಅಂಗಡಿಗೆ ಬಂದರು.

ಹೆಡ್‌ಮಿಸ್ ನಿವೃತ್ತರಾಗಿ ಹತ್ತು ವರ್ಷವಾಗಿತ್ತು. ಈಗ ವಾಚನಾಲಯ ಸಮಿತಿಯ ಅಧ್ಯಕ್ಷೆ. ವಾಚನಾಲಯದ ಗೋಪುರದ ಗಡಿಯಾರ ಹನ್ನೊಂದು ವರ್ಷದಿಂದ ಮೂರೂ ನಲವತ್ತಕ್ಕೆ ನಿಂತುಹೋಗಿತ್ತು. ಅದನ್ನು ನಡೆಸುವ ಕೆಲಸ, ಗೋಪುರದ ಬೀಗದಕೈ ಸಮೇತ ಒಬ್ಬರಿಗೆ ಕಾಯಂ ಕೊಡಬೇಕೆಂದು ಸಮಿತಿ ನಿರ್ಧರಿಸಿತ್ತು. ಎಲ್ಲರೂ ಫೋನಿನಲ್ಲೇ ಟೈಮು ನೋಡುವ ಈ ಕಾಲದಲ್ಲಿ ಸೆಕೆಂಡಪ್ಪನ ಅಂಗಡಿಗೆ ನೊಣವೂ ಬರುತ್ತಿರಲಿಲ್ಲ. ಆ ಬೀಗದಕೈ ಸಿಕ್ಕರೆ ಬದುಕಿಗೊಂದು ದಾರಿ, ಬೀದಿಯಲ್ಲೊಂದು ಮರ್ಯಾದೆ. ಪರೀಕ್ಷೆಗೆಂದು ಗೋಪುರದ ಗಡಿಯಾರದ ಹಿಂದಿನ, ಮುಂದಿನ ಎರಡೂ ಮುಖಗಳನ್ನೂ ನಡುವಿನ ಯಂತ್ರವನ್ನೂ ಬಿಚ್ಚಿ ತಂದು ಒಂದು ತಿಂಗಳು ಕೂತು ತಿಕ್ಕಿದ್ದ. ಅವು ಅಂಗಡಿಯನ್ನೆಲ್ಲ ತುಂಬಿಕೊಂಡು ಅವನೇ ಅರ್ಧ ಬೀದಿಯಲ್ಲಿ ಕೂರುವಂತಾಗಿತ್ತು.

ಹೆಡ್‌ಮಿಸ್ ಯಂತ್ರ ನೋಡಿ ತಲೆದೂಗಿದರು. ಅಲ್ಲಿಗೆ ಮುಗಿಯಬೇಕಿತ್ತು. ಸೆಕೆಂಡಪ್ಪ ಖುಷಿಯಲ್ಲಿ ಬಾಯಿಬಿಟ್ಟ. ಚಿಮಣಿಯ ಪಕ್ಕ ಚಂದ್ರ ಹುಟ್ಟಿದ್ದು, ಅದರ ಬಣ್ಣ, ಗಾತ್ರ ಎಲ್ಲ ಹೇಳಿ, ಸಂಜೆ ಆರು ಇಪ್ಪತ್ತೆರಡಕ್ಕೆ ಸರಿಯಾಗಿ ನಮ್ಮ ತಾರಸಿಗೆ ಬನ್ನಿ, ನೀವೇ ನೋಡುವಿರಂತೆ ಎಂದ.

ಹೆಡ್‌ಮಿಸ್ ಕನ್ನಡಕದ ಮೇಲಿಂದ ನೋಡಿದರು. ಅವನು ಅವರ ಶಿಷ್ಯ. ತಡವಾಗಿ ಬಂದ ಒಂದೇ ಒಂದು ದಿನ ಬಾಗಿಲ ಹೊರಗೆ ನಿಂತದ್ದು ಅವನಿಗೆ ಇನ್ನೂ ನೆನಪಿತ್ತು.

"ಬರ್ತೀನಿ ಕಣೋ. ಹೇಳಿದ ಹೊತ್ತಿಗೆ ಚಂದ್ರ ಬಂದ್ರೆ ಬೀಗದಕೈ ಅಲ್ಲೇ ನಿನ್ನ ಕೈಗೆ. ಬರದಿದ್ರೆ, ಟೈಮು ಗೊತ್ತಿಲ್ಲದವನಿಗೆ ಗಡಿಯಾರ ಯಾಕೆ?"

ಈ ಮಾತು ಎದುರುಮನೆಯ ನಿವೃತ್ತ ಬಸ್ ಕಂಡಕ್ಟರ್ ಕಿವಿಗೆ ಬಿತ್ತು. ಕಂಡಕ್ಟರ್ ಕಿವಿಗೆ ಬಿದ್ದದ್ದು ಮಧ್ಯಾಹ್ನದೊಳಗೆ ಇಡೀ ಬೀದಿಗೆ ಬಿತ್ತು. ಸಂಜೆ ಐದೂವರೆಗೆ ತಾರಸಿಯಲ್ಲಿ ಕುರ್ಚಿ, ಸ್ಟೂಲು, ಮಗುಚಿದ ಬಕೆಟ್ಟು ಎಲ್ಲ ಸಾಲಾಗಿ ಬಂದು ಕೂತವು. ಮುಂದಿನ ಎರಡು ಸಾಲು ಹೆಂಗಸರಿಗೆ ಎಂದು ಕಂಡಕ್ಟರ್ ತಾನೇ ನಿಂತು ಎಲ್ಲರನ್ನೂ ಕೂರಿಸಿದ. ಸೆಕೆಂಡಪ್ಪನ ಅತ್ತೆ, ಅಂದರೆ ಹೆಂಡತಿಯ ತಾಯಿ, ನೀರಿನ ಟ್ಯಾಂಕಿನ ಪಕ್ಕ ಕೂತು ಅವರೆಕಾಳು ಸುಲಿಯುತ್ತಿದ್ದರು. ಕೇಳದೆ ಮಾತಾಡುವ ಅಭ್ಯಾಸ ಅವರಿಗಿರಲಿಲ್ಲ.

ಆರು ಇಪ್ಪತ್ತೆರಡಾಯಿತು. ಚಿಮಣಿ ಇತ್ತು, ಚಂದ್ರನಿರಲಿಲ್ಲ.

ಸೆಕೆಂಡಪ್ಪ ಎಡಗೈಯ ವಾಚು ನೋಡಿದ, ಬಲಗೈಯದು ನೋಡಿದ, ಜೇಬಿನದನ್ನು ಕಿವಿಗಿಟ್ಟುಕೊಂಡ. ಮೂರೂ ಒಂದೇ ಮಾತು ಹೇಳಿದವು. ಅಷ್ಟರಲ್ಲಿ ಚಿಮಣಿಯ ಪಕ್ಕ ಹಳದಿ ಬೆಳಕು ಹೊತ್ತಿತು. ಕಂಡಕ್ಟರ್ ಶಿಳ್ಳೆ ಹೊಡೆದ, ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಅದು ಗಿರಣಿಯ ಗೇಟಿನ ದೀಪ. ಗಡಿಬಿಡಿಯಲ್ಲಿ ಒಂದು ಬಕೆಟ್ಟು ಒಡೆಯಿತು, ಅದರ ಮೇಲೆ ಕೂತಿದ್ದ ಟೈಲರು ಅದರೊಳಗೇ ಸಿಕ್ಕಿಕೊಂಡ. ಅವನನ್ನು ಇಬ್ಬರು ಎಳೆದು ತೆಗೆಯಬೇಕಾಯಿತು.

"ಗಾಡಿ ಕ್ಯಾನ್ಸಲ್," ಎಂದ ಕಂಡಕ್ಟರ್.

ಹೆಡ್‌ಮಿಸ್ ಚೀಲ ಹೆಗಲಿಗೆ ಹಾಕಿಕೊಂಡರು. ಒಳಗೆ ಬೀಗದಕೈ ಕಿಣಿಕಿಣಿ ಎಂದಿತು.

"ಇವತ್ತು ಬರೋದು ತಡ, ಅಳಿಯಂದ್ರೇ," ಎಂದರು ಅತ್ತೆ, ಕಾಳಿನಿಂದ ಕಣ್ಣೆತ್ತದೆ. "ದಿನಾ ಹೆಚ್ಚುಕಮ್ಮಿ ಐವತ್ತು ನಿಮಿಷ ತಡ. ನಮ್ಮಪ್ಪ ಸಮುದ್ರದ ಉಬ್ಬರ ನೋಡಿ ದೋಣಿ ಬಿಡ್ತಿದ್ದದ್ದೇ ಆ ಲೆಕ್ಕದ ಮೇಲೆ."

"ಮೊದ್ಲೇ ಹೇಳಬಾರದಿತ್ತಾ ಅತ್ತೆ?"

"ನೀವು ಕೇಳಲಿಲ್ಲ. ಭೂಮಿ ಒಂದು ಸುತ್ತು ಹಾಕಿ ಬರೋಷ್ಟರಲ್ಲಿ ಚಂದ್ರನೂ ತನ್ನ ದಾರೀಲಿ ಮುಂದೆ ಹೋಗಿರ್ತಾನೆ. ಇನ್ನಷ್ಟು ತಿರುಗಿ ಹಿಡೀಬೇಕು."

ಸೆಕೆಂಡಪ್ಪ ಕಂಬದಂತೆ ನಿಂತುಬಿಟ್ಟ. ಹನ್ನೆರಡಕ್ಕೆ ಎರಡೂ ಮುಳ್ಳು ಒಂದರ ಮೇಲೊಂದು ಇರುತ್ತವೆ. ದೊಡ್ಡ ಮುಳ್ಳು ಒಂದು ಸುತ್ತು ಹಾಕಿ ಬರುತ್ತದೆ. ಅಲ್ಲಿ ಚಿಕ್ಕ ಮುಳ್ಳಿರುವುದಿಲ್ಲ, ಒಂದರ ಹತ್ತಿರ ಹೋಗಿರುತ್ತದೆ. ಅದನ್ನು ಹಿಡಿಯಲು ದೊಡ್ಡದು ಇನ್ನೂ ಐದು ನಿಮಿಷಕ್ಕಿಂತ ತುಸು ಹೆಚ್ಚು ಓಡಬೇಕು. ಮೂವತ್ತು ವರ್ಷ ದಿನವೂ ಅಂಗೈಯಲ್ಲಿ ಹಿಡಿದು ನೋಡಿದ್ದು ಇದನ್ನೇ. ಅದೇ ಯಂತ್ರ ತಲೆಯ ಮೇಲೆ, ಯಾರೂ ಕೀಲಿ ಕೊಡದೆ, ಎಣ್ಣೆ ಬಿಡದೆ ನಡೆಯುತ್ತಿತ್ತು. ಅವನ ಕಣ್ಣಲ್ಲಿ ನೀರು ಬಂತು. ಕೈಗಡಿಯಾರ ಬಿಚ್ಚಿ, ಮುಳ್ಳು ತಿರುಗಿಸಿ ತಿರುಗಿಸಿ ಹೆಡ್‌ಮಿಸ್‌ಗೆ ತೋರಿಸಿದ.

ಹೆಡ್‌ಮಿಸ್ ಯೋಚಿಸಿದರು. ತಡವಾಗಿ ಬಂದವರನ್ನು ತಾವು ಒಂದು ಪೀರಿಯಡ್ ಕಾಯಿಸಿ ಒಳಗೆ ಬಿಡುತ್ತಿದ್ದುದಾಗಿಯೂ, ಅದೇ ನ್ಯಾಯ ಚಂದ್ರನಿಗೂ ಇರಲೆಂದೂ ಹೇಳಿ ಮತ್ತೆ ಕೂತರು. ಪೀರಿಯಡ್ ಎಂದರೆ ನಲವತ್ತೈದು ನಿಮಿಷ.

"ಚಿಮಣಿ ನೋಡಬೇಡಿ," ಎಂದರು ಅತ್ತೆ. ಕೈ ನೀಡಿ, ಚಿಮಣಿಯಿಂದ ನಾಲ್ಕು ಬೆರಳು ಬಲಕ್ಕೆ ಅಳೆದರು. "ಜಾಗಾನೂ ಬದಲಾಯಿಸ್ತಾನೆ."

ನಾಲ್ಕು ಬೆರಳು ಬಲಕ್ಕೆ ವಾಚನಾಲಯದ ಗೋಪುರವಿತ್ತು.

ಏಳು ಗಂಟೆ ಹತ್ತು ನಿಮಿಷಕ್ಕೆ ಹೆಡ್‌ಮಿಸ್ ಎದ್ದರು. ಅದೇ ಹೊತ್ತಿಗೆ ವಾಚನಾಲಯದ ಹಿಂದಿನ ಸೂರುಗಳು ಕೆಂಪಾದವು. ಕಂಡಕ್ಟರ್ ಶಿಳ್ಳೆಯನ್ನು ಬಾಯಿಗಿಟ್ಟವನು ಊದುವುದನ್ನು ಮರೆತ. ಚಂದ್ರ ಮೇಲೆದ್ದ. ಒಂದಂಚು ಕೂದಲೆಳೆಯಷ್ಟು ಸವೆದಿತ್ತು, ಬಣ್ಣ ನಿನ್ನೆಗಿಂತಲೂ ಗಾಢವಾಗಿತ್ತು. ಅಡ್ಡಕ್ಕೆ ಊರಿನ ಧೂಳನ್ನೆಲ್ಲ ದಾಟಿಕೊಂಡು ಬರುವ ಬೆಳಕಿನಲ್ಲಿ ಕೆಂಪೊಂದೇ ಉಳಿಯುವುದು, ಮೇಲೇರಿದ ಮೇಲೆ ಬೆಳ್ಳಗಾಗುತ್ತಾನೆ ಎಂದು ಅತ್ತೆ ಪಿಸುಗುಟ್ಟಿದರು. ಸೆಕೆಂಡಪ್ಪ ಹೆಂಗಸರ ವಾಚಿನ ಪುಟ್ಟ ಚಕ್ರವೊಂದನ್ನು ತೋಳು ಚಾಚಿ ಅಡ್ಡ ಹಿಡಿದ. ಹಂಡೆಯಂಥ ಚಂದ್ರ ಪೂರಾ ಮುಚ್ಚಿಹೋದ. ಅಷ್ಟು ದೊಡ್ಡದಾಗಿ ಕಂಡದ್ದು ಬರೀ ಕಣ್ಣಿನ ಭ್ರಮೆ. ಭ್ರಮೆಯೆಂದು ತಿಳಿದ ಮೇಲೂ, ಚಕ್ರ ಇಳಿಸಿದರೆ ಅದು ಅಷ್ಟೇ ದೊಡ್ಡದಾಗಿ ಕಂಡಿತು.

ಚಂದ್ರ ಗೋಪುರದ ಹಿಂದೆ ಸರಿದು ಮರೆಯಾದ. ಎಲ್ಲರೂ ಉಸಿರು ಬಿಟ್ಟರು. ಆಮೇಲೆ, ಗಡಿಯಾರದ ಮುಖಗಳನ್ನು ಬಿಚ್ಚಿದ ಆ ದುಂಡು ಖಾಲಿ ಜಾಗದಲ್ಲಿ ಕೆಳಗಿನಿಂದ ಬೆಳಕು ಏರಿತು. ಏರುತ್ತ ಏರುತ್ತ ಅಂಚಿನಿಂದ ಅಂಚಿಗೆ ಪೂರ್ತಿ ತುಂಬಿತು. ಹನ್ನೊಂದು ವರ್ಷ ಸತ್ತಂತಿದ್ದ ಗೋಪುರ ಕಣ್ಣು ತೆರೆಯಿತು. ಟೈಲರು ಕೈಮುಗಿದಿದ್ದ. ಸೆಕೆಂಡಪ್ಪನಿಗೆ ಜೀವಮಾನದಲ್ಲಿ ಮೊದಲ ಬಾರಿ ಟೈಮು ನೋಡಬೇಕೆನಿಸಲಿಲ್ಲ.

ಎಷ್ಟೋ ಹೊತ್ತಾದ ಮೇಲೆ ಹೆಡ್‌ಮಿಸ್ ಕನ್ನಡಕ ತೆಗೆದು ಒರೆಸಿಕೊಂಡರು. ಚೀಲದಿಂದ ಬೀಗದಕೈ ಹೊರತೆಗೆದರು. ಸೆಕೆಂಡಪ್ಪ ಎರಡೂ ಕೈ ಚಾಚಿದ.

"ನೀನು ಹೇಳಿದ್ದು ನಿಜ ಕಣೋ," ಎಂದರು ಅವರು. "ಇಂಥಾದ್ದನ್ನ ನಾನು ಹುಟ್ಟಿದಾಗಿಂದ ನೋಡಿರಲಿಲ್ಲ. ಆ ಜಾಗಕ್ಕೆ ಇನ್ನು ಗಡಿಯಾರ ಹಾಕೋದು ಪಾಪ. ಅದು ಹಾಗೇ ತೆರೆದಿರಲಿ. ಮುಖಗಳು ನಿನ್ನ ಅಂಗಡೀಲೇ ಇರಲಿ, ಬಿಡು."

ಬೀಗದಕೈ ಮತ್ತೆ ಚೀಲ ಸೇರಿತು. ಸೆಕೆಂಡಪ್ಪನ ಕೈ ಚಾಚಿದ್ದು ಚಾಚಿದಂತೆಯೇ ಉಳಿಯಿತು.

ಮೆಟ್ಟಿಲ ಬಳಿ ಹೆಡ್‌ಮಿಸ್ ತಿರುಗಿ ನಿಂತರು. "ನಾಳೆ ಸಮಿತಿಯವರನ್ನೆಲ್ಲ ಕರ್ಕೊಂಡು ಬರ್ತೀನಿ. ಏಳೂ ಹತ್ತಕ್ಕೆ ಸರಿಯಾಗಿ. ಗೋಪುರದೊಳಗೆ ಹೀಗೇ ಬರಬೇಕು, ಅದು ನಿನ್ನ ಜವಾಬ್ದಾರಿ."

ಕಂಡಕ್ಟರ್ ಆಗಲೇ ನಾಳೆಯ ಸೀಟು ಬರೆದುಕೊಳ್ಳತೊಡಗಿದ್ದ. ಸೆಕೆಂಡಪ್ಪ ದಿಕ್ಕುಗಾಣದೆ ಅತ್ತೆಯತ್ತ ನೋಡಿದ. ಅತ್ತೆ ಮೊರದಲ್ಲಿದ್ದ ಕಾಳನ್ನು ಪಕ್ಕಕ್ಕಿಟ್ಟು, ತೋಳು ಚಾಚಿ, ಗೋಪುರದಿಂದ ನಾಲ್ಕು ಬೆರಳು ಬಲಕ್ಕೆ ಅಳೆದು ತೋರಿಸಿದರು. ಅಲ್ಲಿ ಮೂರಂತಸ್ತಿನಷ್ಟು ಎತ್ತರದ ಸೋಪಿನ ಜಾಹೀರಾತಿನ ಹಲಗೆಯಿತ್ತು.